ಹೋದ ಗುರುವಾರ

“ಗುರುವಾರ ಆಗಬೇಕು, ಅಷ್ಟೇ,” ಎಂದ ಸ್ವಪ್ನಿಲ್.

ಪುಂಡರೀಕಾಕ್ಷ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಪರದೆಯ ಕೆಳಮೂಲೆಯಲ್ಲಿ ಮಂಗಳವಾರದ ಬೆಳಗು ಇತ್ತು.

“ಯಾವ ಗುರುವಾರ?” ಗೊತ್ತಿದ್ದೇ ಕೇಳಿದ.

“ಹೋದ ಗುರುವಾರ, ಪುಂಡಲೀಕ್‌ಜಿ. ಬೇರೆ ಗುರುವಾರ ತಗೊಂಡು ನಾವೇನು ಮಾಡೋಣ?”

ಸ್ವಪ್ನಿಲ್ ಕಾರ್ಖಾನೆಯ ಮ್ಯಾನೇಜರ್. ವಯಸ್ಸಿನಲ್ಲಿ, ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಪುಂಡರೀಕಾಕ್ಷನಿಗಿಂತ ಬಹಳ ಚಿಕ್ಕವನು. ಕಷ್ಟದ ಕೆಲಸ ಒಪ್ಪಿಸುವಾಗ ಮರಾಠಿ ಬಿಟ್ಟು ಹಿಂದಿಗೆ ಬರುತ್ತಿದ್ದ, ಹೆಸರಿಗೊಂದು ‘ಜಿ’ ಸೇರಿಸುತ್ತಿದ್ದ. ಆ ಹೆಸರೂ ಪೂರ್ತಿ ಸರಿಯಲ್ಲ. ಇಲ್ಲಿಯವರ ನಾಲಿಗೆಯಲ್ಲಿ ಪುಂಡರೀಕಾಕ್ಷ ಹೊರಳದೆ ಪುಂಡಲೀಕ ಆಗಿದ್ದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೆರಡು ಸಲ ತಿದ್ದಿದ. ಆಮೇಲೆ ಬಿಟ್ಟ. ಈಗ ಗೇಟಿನ ವಾಚ್‌ಮನ್ ಬಾಯಲ್ಲೂ ಕೊರಳಿನ ಗುರುತಿನ ಚೀಟಿಯಲ್ಲೂ ಅವನು ಪುಂಡಲೀಕನೇ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿದ ಪುಂಡರೀಕಾಕ್ಷ ಬೇರೆ ಯಾರೋ ಇರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿದ್ದರಿಂದ ಏನೂ ಆಗುತ್ತಿರಲಿಲ್ಲ.

“ಮಧ್ಯಾಹ್ನ ಅವರು ಬರ್ತಾರೆ. ಗುರುವಾರದ ರೀಡಿಂಗ್ ಕೇಳ್ತಾರೆ. ನಮ್ಮ ಹತ್ತಿರ ಇಲ್ಲ. ಇರಬೇಕಿತ್ತು.”

ಅವರು ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಮುಂಬಯಿಯ ಹತ್ತಿರದ ಡೊಂಬಿವಲಿಯ ಕೈಗಾರಿಕಾ ವಲಯದ ಈ ಕಾರ್ಖಾನೆ ಬಟ್ಟೆಯ ಬಣ್ಣಕ್ಕೆ ಬೇಕಾದ ರಾಸಾಯನಿಕ ತಯಾರಿಸುತ್ತಿತ್ತು. ಹೊರಬಿಡುವ ನೀರನ್ನು ಶುದ್ಧ ಮಾಡಿ, ದಿನವೂ ಪರೀಕ್ಷಿಸಿ, ಫಲಿತಾಂಶದ ಪ್ರಿಂಟ್ ತೆಗೆದಿಡಬೇಕೆಂಬುದು ನಿಯಮ. ಹೋದ ಗುರುವಾರ ಶುದ್ಧ ಮಾಡುವ ಪಂಪು ಕೆಟ್ಟಿತ್ತು. ಅದು ಸರಿಯಾಗಲೆಂದು ನೀರು ಕಾಯಲಿಲ್ಲ, ಹಾಗೇ ಹೊರಗೆ ಹೋಯಿತು. ಕಾರ್ಖಾನೆಯ ಹಿಂದಿನ ನಾಲಾ ಸಂಜೆಯ ಹೊತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಆಚೆ ದಡದ ವಸತಿ ಸೊಸೈಟಿಗಳ ಜನ ಮೂಗಿಗೆ ಕರ್ಚೀಫು ಒತ್ತಿಕೊಂಡು ಮೊಬೈಲಿನಲ್ಲಿ ಫೋಟೋ ಹಿಡಿದರು. ಒಂದು ಮನೆಯ ಮಕ್ಕಳಿಬ್ಬರು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರೆಂದು ಮರಾಠಿ ಪೇಪರಿನಲ್ಲಿ ಬಂತು.

ಅವತ್ತು ಯಾರೂ ಪರೀಕ್ಷೆ ಮಾಡಲಿಲ್ಲ. ಏನು ಬರುತ್ತದೆಂದು ಗೊತ್ತಿರುವ ಪರೀಕ್ಷೆಯನ್ನು ಯಾರು ಮಾಡುತ್ತಾರೆ.

“ಇವತ್ತಿನ ನೀರು ಚೆನ್ನಾಗಿದೆ. ಅದನ್ನೇ ಹಾಕಿ. ತಾರೀಕು ಮಾತ್ರ ನಿಮ್ಮ ಕೈಯಲ್ಲಿರೋದು,” ಎಂದ ಸ್ವಪ್ನಿಲ್. “ಹೋ ಜಾಯೇಗಾ ನಾ?”

ಆಗುವುದಿಲ್ಲ ಎನ್ನಲು ಸ್ವಲ್ಪ ಹೊತ್ತು ಸಿಕ್ಕಿತ್ತು. ಅಷ್ಟು ಹೊತ್ತೂ ಪುಂಡರೀಕಾಕ್ಷ ಯೋಚಿಸಿದ್ದು, ಅದನ್ನು ಮಾಡುವುದು ಹೇಗೆಂದು.

“ನೋಡ್ತೀನಿ.”

“ನೋಡಬೇಡಿ, ಮಾಡಿ.” ಸ್ವಪ್ನಿಲ್ ಅವನ ಭುಜ ತಟ್ಟಿ ಹೋದ.

ಹಾಗೆ ಮಾಡಲು ಬರುವಂತೆ ಮಾಡಿಟ್ಟವನೂ ಅವನೇ. ಪ್ರಯೋಗಾಲಯದ ಪರೀಕ್ಷಾ ಯಂತ್ರ ಹಳೆಯದು. ಅದರ ಸಾಫ್ಟ್‌ವೇರ್ ಓಡುತ್ತಿದ್ದದ್ದು ಹಳೆಯ ವಿಂಡೋಸಿನಲ್ಲಿ ಮಾತ್ರ. ಹಿಂದಿನ ವರ್ಷ ಅದಕ್ಕೆ ಜೋಡಿಸಿದ್ದ ಕಂಪ್ಯೂಟರ್ ಸತ್ತಾಗ ಹೊಸ ಯಂತ್ರವನ್ನೇ ಕೊಳ್ಳಬೇಕೆಂದು ಎಲ್ಲರೂ ಹೇಳಿದರು. ಪುಂಡರೀಕಾಕ್ಷ ಒಂದು ಶನಿವಾರವಿಡೀ ಕೂತು, ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಮಶೀನ್ ಕಟ್ಟಿ, ಅದರೊಳಗೆ ಹಳೆಯ ವಿಂಡೋಸನ್ನು ತಂದಿಟ್ಟ. ಹೊಸ ಕಂಪ್ಯೂಟರಿನ ಪರದೆಯ ಮೇಲೆ ಒಂದು ಚೌಕ ತೆರೆಯುತ್ತಿತ್ತು. ಆ ಚೌಕದೊಳಗೆ ಇನ್ನೊಂದು ಕಂಪ್ಯೂಟರ್ ಕಪ್ಪು ಪರದೆಯಿಂದ ಶುರುವಾಗಿ, ತನ್ನ ಮೆಮೊರಿಯನ್ನು ತಾನೇ ಎಣಿಸಿಕೊಂಡು, ಹಳೆಯ ಕಾಲದ ತನ್ನ ರಾಗ ನುಡಿಸಿ ಎದ್ದು ಕೂರುತ್ತಿತ್ತು. ಹೊರಗಿನದನ್ನು ಹೋಸ್ಟ್ ಎನ್ನುತ್ತಾರೆ, ಒಳಗಿನದನ್ನು ಗೆಸ್ಟ್.

ಆ ದಿನ ಎಲ್ಲರನ್ನೂ ಕರೆದು ತೋರಿಸಿದ್ದ. ಪ್ರಯೋಗಾಲಯದ ಮುಖ್ಯಸ್ಥ ಗುರುವಪ್ಪನವರಿಗೆ ಕನ್ನಡದಲ್ಲೇ ವಿವರಿಸಿದ್ದ: “ಒಳಗಿರೋದಕ್ಕೆ ತಾನು ಒಳಗಿದೀನಿ ಅಂತ ಗೊತ್ತೇ ಇಲ್ಲ. ನಾವು ಕೊಟ್ಟಿರೋ ಅಷ್ಟು ಮೆಮೊರೀನೇ ಪ್ರಪಂಚ ಅಂದ್ಕೊಂಡಿರತ್ತೆ.”

“ನಮ್ಮಂಗ ಅನ್ರಿ,” ಎಂದಿದ್ದರು ಗುರುವಪ್ಪ.

ಅಲ್ಲಿ ಕನ್ನಡ ಬರುವವರು ಇಬ್ಬರೇ ಎಂದುಕೊಂಡು ಇಬ್ಬರೇ ನಕ್ಕಿದ್ದರು.

ಹೊರಗಿನ ಕಂಪ್ಯೂಟರಿನ ಗಡಿಯಾರವನ್ನು ಮುಟ್ಟುವಂತಿರಲಿಲ್ಲ. ಅದನ್ನು ಹೆಡ್ ಆಫೀಸಿನ ಸರ್ವರ್‌ಗೆ ಕಟ್ಟಿಹಾಕಿದ್ದರು. ಮುಟ್ಟಿದರೆ ಅಲ್ಲಿ ಗೊತ್ತಾಗುತ್ತಿತ್ತು. ಒಳಗಿನದಕ್ಕೆ ಹೊರಗಿನವರ ಸಂಪರ್ಕವೇ ಇಲ್ಲ. ಆಗಾಗ ಹೋಸ್ಟನ್ನು ಗಂಟೆ ಎಷ್ಟೆಂದು ಕೇಳಿಕೊಳ್ಳುತ್ತದೆ, ಅಷ್ಟೇ. ಹಾಗೆ ಕೇಳದಂತೆ ಮಾಡಲು ಒಂದು ಟಿಕ್ ಗುರುತು ತೆಗೆದರೆ ಸಾಕು. ತೆಗೆದ. ಒಳಗಿನ ಕ್ಯಾಲೆಂಡರ್ ತೆರೆದು ಹೋದ ಗುರುವಾರದ ಮೇಲೆ ಒತ್ತಿದ. ಒಳಗೆ ಗುರುವಾರವಾಯಿತು. ಹೊರಗೆ ಮಂಗಳವಾರ ಇದ್ದೇ ಇತ್ತು. ಎರಡೂ ಒಂದೇ ಪರದೆಯ ಮೇಲೆ, ಬೆರಳಗಲದ ಅಂತರದಲ್ಲಿ.

ಪ್ರಿಂಟಿನಲ್ಲಿ ತಾರೀಕಿನ ಕೆಳಗೆ ಪರೀಕ್ಷೆ ಮಾಡಿದವರ ಹೆಸರೂ ಬರುತ್ತದೆ. ಗುರುವಾರ ಪ್ರಯೋಗಾಲಯದಲ್ಲಿದ್ದವರು ಗುರುವಪ್ಪ. ಅವರು ಇವತ್ತು ಬಂದಿರಲಿಲ್ಲ. ಪುಂಡರೀಕಾಕ್ಷ ಫೋನ್ ಮಾಡಿದ.

“ಗುರುವಪ್ಪನೋರೇ, ನಿಮ್ಮ ಪಾಸ್‌ವರ್ಡ್ ಬೇಕಾಗಿತ್ತು.”

“ಬಿ.ಪಿ. ಏರೇತ್ರಿ. ಡಾಕ್ಟರ್ ಮಾತಾಡಬ್ಯಾಡ ಅಂದಾರ.”

“ಒಂದು ಪದ ಹೇಳಿದ್ರೆ ಸಾಕು.”

“ಅದ ನೆನಪಾಗವಲ್ದು ನೋಡ್ರಿ. ಮಯೂರಿ ಅದಾಳಲ್ಲ, ಆಕಿದು ಹಾಕ್ರಿ.”

ಫೋನ್ ಇಟ್ಟರು. ಮತ್ತೆ ಮಾಡಿದರೆ ಸ್ವಿಚ್ ಆಫ್. ಸಮಯಕ್ಕೆ ಸರಿಯಾಗಿ ಏರುವ ರಕ್ತದೊತ್ತಡ ಪಡೆದವರ ಮೇಲೆ ಪುಂಡರೀಕಾಕ್ಷನಿಗೆ ಹೊಟ್ಟೆಕಿಚ್ಚಾಯಿತು.

ಮಯೂರಿ ಪರೀಕ್ಷಿಸಬೇಕಾದ ನೀರಿನ ಬಾಟಲಿ ಹಿಡಿದು ಬಂದಳು. ಎರಡು ವರ್ಷದಿಂದ ಪ್ರಯೋಗಾಲಯದಲ್ಲಿದ್ದ ಹುಡುಗಿ. ಬಿ.ಎಸ್ಸಿ. ಮುಗಿಸಿದೊಡನೆ ಸೇರಿದವಳು. ಉಲ್ಹಾಸನಗರದಿಂದ ಬರುತ್ತಾಳೆ, ಅಪ್ಪನದು ಜೀನ್ಸ್ ಹೊಲಿಯುವ ಸಣ್ಣ ಕಾರ್ಖಾನೆ, ಇಷ್ಟು ಅವನಿಗೆ ಗೊತ್ತಿತ್ತು. ಅವಳೊಡನೆ ಅವನ ಮಾತೆಲ್ಲ ಹಿಂದಿಯಲ್ಲೇ ನಡೆಯುತ್ತಿತ್ತು. ಪ್ರಿಂಟರ್ ಕೆಟ್ಟಾಗ, ಸರಿಯಾದಾಗ.

“ಸರ್, ಲಾಗಿನ್ ಕಿಸ್ಕಾ?” ಯಾರ ಹೆಸರು ಎಂದು ಕೇಳಿದಳು.

“ನಿನ್ನದೇ ಹಾಕು,” ಎಂದ, ಹಿಂದಿಯಲ್ಲಿ.

ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂರಲಿಲ್ಲ.

“ಗುರುವಾರ ನಾ ಇರ್ಲಿಲ್ರಿ ಸರ್. ರಜಾ ಇತ್ತು. ಅಕ್ಕನ ನಿಶ್ಚಯ ಇತ್ತು, ಇಲ್ಲೇ ಕಲ್ಯಾಣ ಊರಾಗ.”

ಅವನು ತಿರುಗಿ ನೋಡಿದ. ಮಾತಿನ ಅರ್ಥಕ್ಕಿಂತ ಮೊದಲು ಭಾಷೆ ಅವನನ್ನು ತಟ್ಟಿತು.

“ನಿನಗೆ ಕನ್ನಡ ಬರತ್ತಾ?”

“ಮನ್ಯಾಗ ಅದೇ ಮಾತಾಡೋದ್ರಿ. ಅಪ್ಪಾರು ಕಲಬುರ್ಗಿ ಕಡೆಯವರು.”

“ಮತ್ತೆ ಹೇಳೇ ಇಲ್ಲ ಒಂದು ದಿನವೂ.”

ಮಯೂರಿ ಬಾಟಲಿಯ ಮುಚ್ಚಳವನ್ನು ಸುಮ್ಮನೆ ಬಿಗಿ ಮಾಡಿದಳು. “ನೀವು ಮನಿಯವರ ಕೂಡ ಫೋನಿನಾಗ ಮಾತಾಡೋದು ಕೇಳಸ್ತಿತ್ರಿ. ನನಗ ತಿಳೀತದ ಅಂತ ಗೊತ್ತಾದ್ರ ನಿಮಗ ಸಂಕೋಚ ಆಗ್ತದ ಅಂತ...”

ಅವನಿಗೆ ಕಿವಿ ಬಿಸಿಯಾಯಿತು. ಎರಡು ವರ್ಷ ಈ ಹುಡುಗಿ ಏನೇನು ಕೇಳಿಸಿಕೊಂಡಿರಬಹುದೆಂದು ನೆನಪು ಮಾಡಿಕೊಳ್ಳಲು ನೋಡಿದ. ಸಿಟ್ಟು, ಜಗಳ, ಗುಟ್ಟು, ಒಂದೂ ಸಿಗಲಿಲ್ಲ. ಫೋನಿನಲ್ಲಿ ಅವನು ಆಡಿದ್ದೆಲ್ಲ ಹೂಂ, ನೋಡೋಣ, ಇಡ್ಲಾ. ಬಚ್ಚಿಡುವಂಥದ್ದೇನೂ ಇರಲಿಲ್ಲವೆಂಬುದೇ ಹೆಚ್ಚು ನಾಚಿಕೆಗೇಡು ಎನ್ನಿಸಿತು.

ಅವನದೇ ಒಂದು ಹೆಸರು ಸಾಫ್ಟ್‌ವೇರಿನಲ್ಲಿತ್ತು. ಅದನ್ನು ಹಾಕಬಹುದಿತ್ತು. ಆದರೆ ಕಂಪ್ಯೂಟರ್ ನೋಡಿಕೊಳ್ಳುವವನು ನೀರು ಯಾಕೆ ಪರೀಕ್ಷೆ ಮಾಡಿದ ಎಂಬ ಪ್ರಶ್ನೆ ಬರುತ್ತದೆ. ಗುರುವಪ್ಪನವರ ಪಾಸ್‌ವರ್ಡನ್ನು ಅಳಿಸಿ ಹೊಸದು ಕೊಡಬಹುದಿತ್ತು. ನಾಳೆ ಅವರು ಅದನ್ನೇ ಹಿಡಿದು ಕೂಗಾಡುತ್ತಾರೆ. ಮಯೂರಿ ಕೂಗಾಡುವವಳಲ್ಲ. ಈ ಲೆಕ್ಕವೆಲ್ಲ ಅವನ ತಲೆಯಲ್ಲಿ ಬಹಳ ಸಲೀಸಾಗಿ ನಡೆಯಿತು. ಬೇರೆ ಯಾರೋ ನಡೆಸಿ ಅವನ ಕೈಗೆ ಉತ್ತರ ಕೊಟ್ಟಂತೆ.

“ರಜೆ ಗಿಜೆ ಯಾರು ನೋಡ್ತಾರೆ. ಹಾಕು,” ಎಂದ. ಕನ್ನಡದಲ್ಲೇ.

ಅವಳು ಕೂತಳು. ಪಾಸ್‌ವರ್ಡ್ ಹಾಕುವಾಗ ಮರ್ಯಾದೆಗೆಂದು ಅವನು ಮುಖ ಆಚೆ ತಿರುಗಿಸಿಕೊಂಡ.

ಯಂತ್ರ ನೀರನ್ನು ಹೀರಿಕೊಂಡು ಗುರುಗುಟ್ಟತೊಡಗಿತು. ಮುಗಿಯಲು ಹೊತ್ತು ಹಿಡಿಯುತ್ತದೆ. ಮಯೂರಿ ಬಾಟಲಿ ತೊಳೆಯಲು ಹೋದಳು. ಪುಂಡರೀಕಾಕ್ಷ ಒಬ್ಬನೇ ಆ ಚೌಕವನ್ನು ನೋಡುತ್ತ ಕೂತ. ಒಳಗಿನ ಗುರುವಾರ ನಿಮಿಷ ನಿಮಿಷವಾಗಿ ಸರಿಯುತ್ತಿತ್ತು. ನೀರು ನಿಜವಾದದ್ದೇ, ಯಂತ್ರ ನಿಜವಾದದ್ದೇ, ಬರುವ ಅಂಕಿಯೂ ನಿಜವೇ. ಸುಳ್ಳಾಗಿದ್ದದ್ದು ವಾರ ಮಾತ್ರ. ಹಾಗೆ ನೋಡಿದರೆ ಇದು ಬಹಳ ಸಣ್ಣ ಸುಳ್ಳು.

ನಿಜವಾದ ಗುರುವಾರ ತಾನೇನು ಮಾಡುತ್ತಿದ್ದೆ ಎಂದು ಯೋಚಿಸಿದ.

ಬೆಳಿಗ್ಗೆ ಮನೆಯಿದ್ದ ಠಾಣೆ ಊರಿನಿಂದ ಲೋಕಲ್ ರೈಲು ಹಿಡಿದಿರಬೇಕು. ಎಲ್ಲರೂ ಮುಂಬಯಿಯ ಕಡೆಗೆ ಬಾಗಿಲಲ್ಲಿ ಜೋತು ಹೋಗುವಾಗ ಅವನ ಗಾಡಿ ಎದುರು ದಿಕ್ಕಿನಲ್ಲಿ ಅರೆಖಾಲಿಯಾಗಿ ಹೋಗುತ್ತದೆ. ಆಮೇಲೆ? ಮಧ್ಯಾಹ್ನ ಊಟ ಮಾಡಿರಬೇಕು. ಡಬ್ಬಿಯಲ್ಲಿ ಏನಿತ್ತು? ಸಂಜೆ ಮನೆಗೆ ಹೋಗಿರಬೇಕು. ಹೋಗಿದ್ದೆ, ಯಾಕೆಂದರೆ ಶುಕ್ರವಾರ ಅಲ್ಲಿಂದಲೇ ಹೊರಟಿದ್ದೆ. ಕಿತ್ತಳೆ ಬಣ್ಣದ ನೀರನ್ನು ಪೇಪರಿನ ಫೋಟೋದಲ್ಲಿ ನೋಡಿದ್ದೇ ಹೊರತು, ಗೋಡೆಯಾಚೆಯೇ ಹರಿದರೂ ಅವತ್ತು ನೋಡಿರಲಿಲ್ಲ. ಇದ್ದಿರಬೇಕು, ಮಾಡಿರಬೇಕು, ತಿಂದಿರಬೇಕು. ಒಂದೂ ಇದ್ದೆ, ಮಾಡಿದೆ, ತಿಂದೆ ಎಂದಾಗಲಿಲ್ಲ.

ಮೊಬೈಲ್ ನಡುಗಿತು. ಹೆಂಡತಿ ನಳಿನಿ. ಬೇಲಾಪುರದ ಒಂದು ಫೈನಾನ್ಸ್ ಕಂಪನಿಯಲ್ಲಿ ಅವಳಿಗೆ ಕೆಲಸ.

“ಸಂಜೆ ಬರ್ತೀರಲ್ಲ?”

“ಎಲ್ಲಿಗೆ?”



“ಕಾಮೋಠೆಗೆ. ಫ್ಲ್ಯಾಟ್ ನೋಡಕ್ಕೆ. ಅಗ್ರಿಮೆಂಟಿಗೆ ಮೊದಲು ನೀವೂ ಒಂದ್ಸಲ ನೋಡಿ ಅಂತ.”

“ಯಾವ ಫ್ಲ್ಯಾಟು?”

“ಗುರುವಾರ ಹೇಳಿದ್ನಲ್ಲ.”

ಬಾಗಿಲ ಬಳಿ ಮಯೂರಿ ತೊಳೆದ ಬಾಟಲಿ ಹಿಡಿದು ನಿಂತಿದ್ದಳು. ಅವನು ನೋಡಿದೊಡನೆ ಹಿಂದೆ ಸರಿದು ಕಾಣದಾದಳು. ಕೇಳಿಸದಷ್ಟು ದೂರ ಹೋಗುತ್ತಿರುವ ಚಪ್ಪಲಿಯ ಸದ್ದನ್ನು ಬೇಕೆಂದೇ ಜೋರು ಮಾಡಿದಳೇ?

“ಹೂಂ,” ಎಂದ ಫೋನಿಗೆ. “ಬರ್ತೀನಿ.”

ಪ್ರಿಂಟ್ ಬಂತು. ಅಂಕಿಗಳೆಲ್ಲ ಮಿತಿಯೊಳಗೆ. ಮೇಲೆ ಗುರುವಾರದ ತಾರೀಕು. ಕೆಳಗೆ ಮಯೂರಿ ಶಿವಪ್ಪ ಎಂಬ ಹೆಸರು. ಅವಳ ಅಪ್ಪನ ಹೆಸರು ಶಿವಪ್ಪ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಸ್ವಪ್ನಿಲ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಿಂದ ಎಲ್ಲರಿಗೂ ಪಾವ್‌ಭಾಜಿ ತರಿಸಿದ. ಮಯೂರಿ ಡಬ್ಬಿ ತಂದಿದ್ದೇನೆ ಎಂದಳು. ಪುಂಡರೀಕಾಕ್ಷ ತಿಂದ. ರುಚಿಯಾಗಿತ್ತು.

ಮಧ್ಯಾಹ್ನ ಬಿಳಿಯ ಜೀಪೊಂದು ಗೇಟಿನೊಳಗೆ ಬಂದಾಗ ಸ್ವಪ್ನಿಲ್ ಅವನ ಕೋಣೆಗೆ ಇಣುಕಿದ.

“ನೀವು ಹೊರಡಿ ಇವತ್ತು. ಕಂಪ್ಯೂಟರಿನವರು ಕಣ್ಣಿಗೆ ಬಿದ್ದರೆ ಕಂಪ್ಯೂಟರಿನ ಪ್ರಶ್ನೆ ಬರತ್ತೆ.”

“ಮಯೂರಿ?”

“ಅವಳು ಇರಬೇಕು. ಲ್ಯಾಬಿನಲ್ಲಿ ಯಾರಾದರೂ ಇರಬೇಕಲ್ಲ.”

ಹೊರಡುವಾಗ ಪ್ರಯೋಗಾಲಯದ ಬಾಗಿಲು ತೆರೆದಿತ್ತು. ಬಿಳಿಯ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಅವಳು ಮೇಜಿನ ಪಕ್ಕ ನಿಂತಿದ್ದಳು, ಪರೀಕ್ಷೆಗೆ ಬಂದವಳ ಹಾಗೆ. ಕಣ್ಣೆತ್ತಿದಳು. ಪುಂಡರೀಕಾಕ್ಷ ಕೈಗಡಿಯಾರ ನೋಡಿಕೊಂಡು ಬೇಗಬೇಗ ಮೆಟ್ಟಿಲಿಳಿದ.

ಠಾಣೆಯಲ್ಲಿ ಇಳಿದು ಪನ್ವೇಲಿನ ಲೋಕಲ್ ಹಿಡಿದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಐರೋಲಿ ದಾಟಿದ ಮೇಲೆ ಗಾಜಿನ ಆಫೀಸುಗಳು ಒಂದರ ಹಿಂದೊಂದು ಬಂದವು. ಸಂಜೆಯ ಬಿಸಿಲು ಅವುಗಳ ಮೈಮೇಲೆ ಬಿದ್ದು ಒಳಗೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ.

ಫ್ಲ್ಯಾಟ್ ಯಾಕಿರಬಹುದೆಂದು ಅವನಿಗೆ ಅಷ್ಟರಲ್ಲಿ ಹೊಳೆದಿತ್ತು. ಮಗಳು ಇಂಚರ ಹತ್ತನೆಯ ಕ್ಲಾಸು ಮುಗಿಸುತ್ತಿದ್ದಳು. ಮುಂದೆ ಖಾರ್ಘರಿನ ಕಾಲೇಜು, ಅಲ್ಲೇ ಕೋಚಿಂಗು. ನಳಿನಿಯ ಆಫೀಸೂ ಆ ಕಡೆಯೇ. ಇಬ್ಬರಿಗೂ ಕಾಮೋಠೆ ಹತ್ತಿರ. ಕಾಮೋಠೆ ಯಾರಿಗೆ ದೂರವೆಂದು ಯೋಚಿಸಿದರೆ ಉಳಿಯುವುದು ಒಬ್ಬನೇ.

ಬೇಡ ಎನ್ನಬೇಕು ಎಂದುಕೊಂಡ. ಎಲ್ಲರೂ ಠಾಣೆಯಲ್ಲೇ ಇರೋಣ, ಇಲ್ಲವೇ ಎಲ್ಲರೂ ಹೋಗೋಣ. ತುರ್ಭೆಯ ತನಕ ಈ ಮಾತು ಗಟ್ಟಿಯಾಗಿತ್ತು. ವಾಕ್ಯವನ್ನು ಮನಸ್ಸಿನಲ್ಲೇ ಹೇಳಿ ನೋಡಿದ. ಎಲ್ಲಿ ತಡೆಯಬೇಕು, ಎಲ್ಲಿ ನಳಿನಿಯ ಮುಖ ನೋಡಬೇಕು. ನೆರೂಳ್ ಬರುವ ಹೊತ್ತಿಗೆ ಅದು ‘ಸ್ವಲ್ಪ ಯೋಚನೆ ಮಾಡೋಣ’ ಆಗಿತ್ತು. ಬೇಲಾಪುರದಲ್ಲಿ ಜನ ನುಗ್ಗಿ ಅವನ ಮೊಣಕಾಲಿಗೆ ಯಾರದೋ ಬ್ಯಾಗು ಒತ್ತಿತು, ಆಮೇಲೆ ಅದರ ಕಡೆಗೇ ಗಮನ ಹೋಯಿತು.

ಕಾಮೋಠೆಗೆ ಇಳಿಯುವ ಮಾನಸರೋವರ ಸ್ಟೇಷನ್ನಿನ ಹೊರಗೆ ನಳಿನಿ, ಇಂಚರ, ಜೊತೆಗೆ ದಲ್ಲಾಳಿ ಮುಂಡಪ್ಪ ಕಾಯುತ್ತಿದ್ದರು. ಮುಂಡಪ್ಪ ಮಂಗಳೂರಿನ ಕಡೆಯವನು, ಮಾತುಗಾರ.

“ಬನ್ನಿ ಬನ್ನಿ, ನಿಮ್ಮನ್ನೇ ನೋಡ್ಬೇಕಿತ್ತು. ಮೇಡಮ್ ಮೂರು ಸಲ ಬಂದು ನೋಡಿ ಆಯ್ತು. ನೀವು ಒಬ್ರು ನೋಡ್ಲಿಕ್ಕೆ ಬಾಕಿ.”

ಮೂರು ಸಲ. ಪುಂಡರೀಕಾಕ್ಷ ನಳಿನಿಯ ಮುಖ ನೋಡಿದ. ಅವಳು ಆಟೋ ಕರೆಯುತ್ತಿದ್ದಳು.

ಫ್ಲ್ಯಾಟು ಏಳನೆಯ ಮಹಡಿಯಲ್ಲಿತ್ತು. ಹೊಸ ಸುಣ್ಣದ ವಾಸನೆ. ಮುಂಡಪ್ಪ ಒಂದೊಂದೇ ದೀಪ ಹಾಕುತ್ತ ಹೋದ. “ಗಾಳಿ ನೋಡಿ ಮಾರಾಯ್ರೆ, ಫ್ಯಾನ್ ಬೇಡ. ನೀರಿಗೆ ಏನೂ ತೊಂದ್ರೆ ಇಲ್ಲ.”

ಇಂಚರ ಒಳಗೋಡಿ ಒಂದು ಕೋಣೆಯ ನಡುವೆ ನಿಂತಳು. “ಮಮ್ಮಿ, ಯೇ ವಾಲಾ ಮೇರಾ.”

“ಅದು ನಿಂದೇ. ಇದು ನಂದು,” ಎಂದಳು ನಳಿನಿ. ಕೈಚೀಲದಿಂದ ಟೇಪು ತೆಗೆದು ಕಿಟಕಿಯ ಅಗಲ ಅಳೆಯತೊಡಗಿದಳು. ಪುಂಡರೀಕಾಕ್ಷ ಟೇಪಿನ ಇನ್ನೊಂದು ತುದಿ ಹಿಡಿದ. ಮದುವೆಯಾದ ಹೊಸತರಲ್ಲಿ ಠಾಣೆಯ ಮನೆಯ ಪರದೆಗಳಿಗೂ ಹೀಗೇ ಅಳೆದಿದ್ದರೆಂದು ನೆನಪಾಯಿತು. ಆ ದಿನ ಅವಳು ಉಟ್ಟಿದ್ದ ಸೀರೆಯ ಬಣ್ಣವೂ ನೆನಪಿತ್ತು. ಅದು ಸೋಜಿಗ ಎನ್ನಿಸಿತು.

“ನಿಮಗೆ ಇಲ್ಲಿಂದ ಡೊಂಬಿವಲಿ ಆಗಲ್ಲ,” ಎಂದಳು, ಅಳತೆ ನೋಡುತ್ತಲೇ. “ನೀವು ಠಾಣೆ ಮ‌ನೇಲೇ ಇರಿ. ಶನಿವಾರ ಬನ್ನಿ.”

“ಪ್ರತಿ ಶನಿವಾರಾನಾ?”

“ಬರೋದಾದ್ರೆ.”

ಅವನು ತುದಿಯನ್ನು ಬಿಡಲಿಲ್ಲ. “ಗುರುವಾರ ನಾನೇನಂದೆ, ನಳಿನಿ?”

ಅವಳು ಆಗ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ಕೌಂಟರಿನಾಚೆ ನಿಂತ ಗಿರಾಕಿಯನ್ನು ನೋಡುವಷ್ಟು ಸೌಜನ್ಯವಿತ್ತು.

“ಹೂಂ ಅಂದ್ರಿ.”

“ಅಷ್ಟೇನಾ?”

“ನಿಮಗೇನೂ ಬೇಜಾರಿಲ್ಲ ತಾನೆ ಅಂತ ಕೇಳಿದೆ. ಇಲ್ಲ, ಯಾಕೆ ಅಂದ್ರಿ. ಆಮೇಲೆ ಚಟ್ನಿ ಇದ್ಯಾ ಅಂತ ಕೇಳಿದ್ರಿ.”

“ನಂಗೆ ಕೇಳಿಸಿರಲಿಲ್ಲ.”

“ಗೊತ್ತು. ಆಮೇಲಾದ್ರೂ ಕೇಳ್ತೀರೇನೋ ಅಂತ ನಾಲ್ಕು ದಿನ ನೋಡ್ದೆ.” ಟೇಪನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. “ಇಂಚರಾನೂ ಹೇಳಿದ್ಳು, ಪಪ್ಪಂಗೆ ಏನೂ ಫರಕ್ ಆಗಲ್ಲ ಅಂತ.”

ಈಗ ಹೇಳಬೇಕು ಎನ್ನಿಸಿತು. ಹೇಳಬೇಕಾದದ್ದು ಬೇಡ ಎಂಬ ಮಾತೋ, ಬೆಳಿಗ್ಗೆ ಮಾಡಿದ ಕೆಲಸದ ಸುದ್ದಿಯೋ ಅವನಿಗೆ ಗೊತ್ತಾಗಲಿಲ್ಲ. ಎರಡೂ ಒಂದೇ ಮಾತಿನ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡವು.

“ನಳಿನಿ, ಇವತ್ತು ಆಫೀಸಲ್ಲಿ...”

ಮೊಬೈಲ್ ನಡುಗಿತು. ಸ್ವಪ್ನಿಲ್.

“ಮಾತಾಡಿ, ಪರವಾಗಿಲ್ಲ,” ಎಂದಳು ನಳಿನಿ. ಇನ್ನೊಂದು ಕಿಟಕಿಯ ಕಡೆಗೆ ನಡೆದಳು.

ಅವನು ಬಾಲ್ಕನಿಗೆ ಹೋಗಿ ಜಾರುವ ಗಾಜಿನ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ, ಮಾತು ಒಳಗೆ ಕೇಳಿಸದಿರಲೆಂದು.

“ಒಂದು ಸಣ್ಣ ಪ್ರಾಬ್ಲಮ್ ಆಯ್ತು, ಪುಂಡಲೀಕ್‌ಜಿ,” ಎಂದ ಸ್ವಪ್ನಿಲ್. “ಅವರು ಹಾಜರಿ ಪುಸ್ತಕ ಕೇಳಿದರು. ಗುರುವಾರ ಹುಡುಗಿ ರಜೆಯಲ್ಲಿದ್ದಳು. ನಿಮಗೆ ಗೊತ್ತಿತ್ತಾ?”

ಪುಂಡರೀಕಾಕ್ಷ ಕಂಬಿ ಹಿಡಿದ. “ಇಲ್ಲ,” ಎಂದ.

“ನನಗೂ ಗೊತ್ತಿರಲಿಲ್ಲ. ಹೋಗಲಿ, ಈಗ ಸರಿಹೋಗಿದೆ. ಹುಡುಗಿ ಕೆಲಸ ಹೋಗುತ್ತದೆಂಬ ಹೆದರಿಕೆಗೆ ತಾನೇ ತಾರೀಕು ಬದಲಿಸಿದ್ದಾಳೆ ಅಂತ ಹೇಳಿದೀವಿ.”

“ಅವಳೇನಂದಳು?”

“ಏನೂ ಅನ್ನಲಿಲ್ಲ. ಒಳ್ಳೆ ಹುಡುಗಿ. ಕೇಸು ಗೀಸು ಆಗದ ಹಾಗೆ ನೋಡ್ಕೊಳ್ಳೋಣ. ನಾಳೆ ನಿಮ್ಮನ್ನೂ ಒಂದು ಮಾತು ಕೇಳ್ತಾರೆ. ಪಾಸ್‌ವರ್ಡ್ ಅವಳದೇ, ಅವಳೇ ಹಾಕಿದ್ದು ಅಂತ ಹೇಳಿ. ಸುಳ್ಳು ಹೇಳಿ ಅಂತ ನಾನೇನು ಹೇಳ್ತಿಲ್ಲ. ನಿಜ ತಾನೆ ಅದು?”

“ನಿಜ.”

“ಮತ್ತೆ ಬೆಳಿಗ್ಗೆ ಬೇಗ ಬಂದು ಆ ಒಳಗಿನ ಮಶೀನ್ ತೆಗೆದುಹಾಕಿ. ನೀವು ಮೊದಲೇ ತೆಗೆದಿಟ್ಟ ಹಳೆ ಕಾಪಿ ಇದೆಯಲ್ಲ, ಅದನ್ನೇ ಹಾಕಿ. ಇವತ್ತಿನದೇನೂ ಅದರಲ್ಲಿ ಇರಬಾರದು. ಆಗತ್ತಲ್ಲ?”

ಆಗುತ್ತದೆ. ಬಹಳ ಸುಲಭ. ಹಳೆಯ ಕಾಪಿ ಎದ್ದು, ತನ್ನ ಮೆಮೊರಿ ಎಣಿಸಿಕೊಂಡು, ಏನೂ ಆಗಿಲ್ಲವೆಂದು ರಾಗ ನುಡಿಸುತ್ತದೆ.

“ಆಗತ್ತೆ,” ಎಂದ.

ಮೊಬೈಲ್ ಜೇಬಿಗಿಟ್ಟು ಬಾಗಿಲು ಎಳೆದ. ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಒಳಗಿನಿಂದ ಚಿಲಕ ಬಿದ್ದಿತ್ತು. ಮುಂಡಪ್ಪ ಅಭ್ಯಾಸಬಲದಿಂದ ಒಂದೊಂದೇ ಕಿಟಕಿ ಬಾಗಿಲು ಮುಚ್ಚುತ್ತ ಹೋಗುತ್ತಿದ್ದ. ಹೊರಗೆ ಕತ್ತಲಾಗುತ್ತಿತ್ತು. ಒಳಗಿನ ದೀಪದಲ್ಲಿ ಎಲ್ಲರೂ ಸ್ಪಷ್ಟವಾಗಿ ಕಾಣುತ್ತಿದ್ದರು.

ಬೆರಳಿನಿಂದ ಗಾಜಿನ ಮೇಲೆ ತಟ್ಟಿದ. ಇಂಚರ ಏನೋ ಹೇಳಿ ನಕ್ಕಳು. ನಳಿನಿಯೂ ನಕ್ಕಳು. ಅವಳು ನಕ್ಕಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಅವನ ಕೈ ಗಾಜಿನ ಮೇಲೆ ಹಾಗೇ ನಿಂತಿತು. ನಳಿನಿ ಸುತ್ತ ಕಣ್ಣಾಡಿಸಿದಳು; ಅವನಿದ್ದ ಕಡೆಗೂ ನೋಡಿದಳು. ಗಾಜಿನಲ್ಲಿ ಅವಳಿಗೆ ಅವಳೇ ಕಂಡಿರಬೇಕು, ಕೂದಲು ಸರಿಮಾಡಿಕೊಂಡಳು. ತುಟಿ ಅಲ್ಲಾಡಿತು. ಕೆಳಗೆ ಹೋಗಿರ್ಬೇಕು ಎಂದಳೆಂದು ಅವನು ಊಹಿಸಿದ. ಮುಂಡಪ್ಪ ದೀಪ ಆರಿಸಿದ. ಕೋಣೆ ಹೋಯಿತು.

ಸ್ವಲ್ಪ ಹೊತ್ತಿಗೆ ಅವರು ಕೆಳಗೆ ಗೇಟಿನ ಬಳಿ ಕಂಡರು, ಸಣ್ಣದಾಗಿ. ನಳಿನಿ ಕೈಚೀಲದಿಂದ ಮೊಬೈಲ್ ತೆಗೆದು ಕಿವಿಗಿಟ್ಟಳು. ಪುಂಡರೀಕಾಕ್ಷ ತನ್ನದನ್ನು ಕೈಯಲ್ಲಿ ಹಿಡಿದು ಕಾದ. ಅದು ನಡುಗಲಿಲ್ಲ. ಅವಳು ಬೇರೆ ಯಾರೊಡನೆಯೋ ಮಾತಾಡುತ್ತಿದ್ದಳು, ಕೈಯಾಡಿಸುತ್ತ, ಕಿಟಕಿಯ ಅಗಲ ಹೇಳುತ್ತಿರಬಹುದು. ಅವನೇ ಕರೆಯಬಹುದಿತ್ತು. ಪಟ್ಟಿಯಲ್ಲಿ ನಳಿನಿಯ ಹೆಸರಿನ ತನಕ ಹೋದ. ಅಲ್ಲಿಂದ ಮೇಲಕ್ಕೆ ಸರಿದು ಮಯೂರಿಯ ಹೆಸರು ಹುಡುಕಿದ. ಅವಳ ನಂಬರು ಅವನಲ್ಲಿರಲಿಲ್ಲ. ಎರಡು ವರ್ಷದಲ್ಲಿ ಅದು ಬೇಕಾಗಿರಲಿಲ್ಲ.

ಆಟೋ ಬಂತು. ಇಂಚರ ಹತ್ತಿದಳು, ನಳಿನಿ ಹತ್ತಿದಳು. ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು.

ಎದುರಿಗೆ ಇಂಥದ್ದೇ ಒಂದು ಕಟ್ಟಡವಿತ್ತು. ಮಹಡಿ ಮಹಡಿಗೆ ಇಂಥದ್ದೇ ಬಾಲ್ಕನಿ, ಇಂಥದ್ದೇ ಗಾಜು. ಒಬ್ಬ ಹೆಂಗಸು ಒಣಗಿದ ಬಟ್ಟೆ ಎತ್ತಿಕೊಳ್ಳುತ್ತಿದ್ದಳು. ಪುಂಡರೀಕಾಕ್ಷ ಕೈಯೆತ್ತಿದ. ಅವಳಿಗೆ ಕಾಣಲಿಲ್ಲವೆಂದು ಎರಡೂ ಕೈಯೆತ್ತಿ ಜೋರಾಗಿ ಬೀಸಿದ.

ಅವಳು ನೋಡಿದಳು. ಹೊಸದಾಗಿ ಬಂದ ಬಾಡಿಗೆಯವರು ಎಂದುಕೊಂಡಿರಬೇಕು. ಬಟ್ಟೆಗಳನ್ನು ಒಂದು ಕಂಕುಳಿಗೆ ಸಿಕ್ಕಿಸಿಕೊಂಡು, ಖುಷಿಯಿಂದ ತಾನೂ ಕೈ ಬೀಸಿ, ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು.